ಸೊಟ್ಟ ಮೂಗು, ಚದುರಿದ ಉತ್ತರ

ಮೂಗಿನ ಆಪರೇಷನ್ ಬೇಕೇ, ಬೇಡವೇ? ಜಯನಗರದ ಕ್ಲಿನಿಕ್ಕುಗಳಲ್ಲಿ ದಿನಬೆಳಗಾದರೆ ಕೇಳಿಬರುವ ಪ್ರಶ್ನೆಗೆ ಉತ್ತರ ಬಂದಿದ್ದು ಬ್ರಿಟನ್ನಿನಿಂದ. ಅದೇ ಜಯನಗರದ ಟಿ ಬ್ಲಾಕಿಗೆ ಪ್ರತಿ ವರ್ಷ ಬಂದು ಸೇರುವ ನಮ್ಮದೇ ಸಂಶೋಧನೆ ಯಾಕೆ ಬಾಯಿ ಬಿಡುತ್ತಿಲ್ಲ?

ಸಂಜೆ ಏಳರ ಸುಮಾರು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತ ಕಾಲಿಡಲು ಜಾಗವಿಲ್ಲ. ಪಕ್ಕದ ರಸ್ತೆಯ ಮೊದಲ ಮಹಡಿಯ ಇಎನ್‌ಟಿ ಕ್ಲಿನಿಕ್ಕಿನಲ್ಲೂ ಅದೇ ಸ್ಥಿತಿ. ಕಿವಿಗೆ ಹತ್ತಿ ತುರುಕಿಕೊಂಡ ಹುಡುಗ, ಕರ್ಚೀಫಿನಿಂದ ಮೂಗು ಬಿಡದ ಐಟಿ ಉದ್ಯೋಗಿ, ಸ್ಕ್ಯಾನಿಂಗ್ ಸೆಂಟರಿನ ದೊಡ್ಡ ಕವರನ್ನು ಮಡಿಲಲ್ಲಿಟ್ಟುಕೊಂಡ ಗೃಹಿಣಿ. ಒಳಗೆ ವೈದ್ಯರು ಸಿ.ಟಿ. ಫಿಲ್ಮನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸುತ್ತಾರೆ: ‘ನೋಡಿಮ್ಮ, ಮೂಗಿನ ಮೂಳೆ ಎಡಕ್ಕೆ ಸೊಟ್ಟಗಿದೆ. ಸ್ಪ್ರೇ ಹಾಕ್ಕೊಂಡು ನೋಡಬಹುದು. ಆದ್ರೆ ಆಪರೇಷನ್ ಮಾಡಿಸ್ಕೊಂಡ್ರೆ ಒಳ್ಳೇದು.’ ಆ ಕಡೆಯಿಂದ ಬರುವ ಪ್ರಶ್ನೆಯೂ ಒಂದೇ: ‘ಮಾಡಿಸಿದ್ರೆ ಪೂರ್ತಿ ಸರಿಹೋಗುತ್ತಾ ಡಾಕ್ಟ್ರೇ?’

ಜೆ.ಪಿ. ನಗರದಲ್ಲಿ, ಬನಶಂಕರಿಯಲ್ಲಿ, ಬಿಟಿಎಂ ಲೇಔಟಿನಲ್ಲಿ ಇದೇ ದೃಶ್ಯ ಇದೇ ಹೊತ್ತಿನಲ್ಲಿ ನಡೆಯುತ್ತಿರುತ್ತದೆ. ಕುತೂಹಲದ ಸಂಗತಿಯೆಂದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದ ಕಾಗದಪತ್ರಗಳು ಸೇರುವುದೂ ಇದೇ ಬಡಾವಣೆಗೆ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿದೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. 1996ರ ಜೂನ್ 1ರಂದು ಆರಂಭವಾದ ಅದಕ್ಕೆ ಈಗ ಮೂವತ್ತರ ಹೊಸ್ತಿಲು. ಅದನ್ನು ರಾಮನಗರದತ್ತ ಸಾಗಿಸುವ ಮಾತು ಹಳೆಯದಾದರೂ ವಿಳಾಸ ಇನ್ನೂ ಜಯನಗರದ್ದೇ. ಡೀಮ್ಡ್ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ರಾಜ್ಯದ ಹತ್ತಾರು ವೈದ್ಯಕೀಯ ಕಾಲೇಜುಗಳಲ್ಲಿ ಇಎನ್‌ಟಿ ಎಂ.ಎಸ್. ಓದುವ ಪ್ರತಿಯೊಬ್ಬ ಪಿಜಿ ವಿದ್ಯಾರ್ಥಿಯೂ ಪರೀಕ್ಷೆಗೆ ಕೂರುವ ಮೊದಲು ಒಂದು ಡಿಸರ್ಟೇಷನ್ ಬರೆದು ಇಲ್ಲಿಗೆ ಸಲ್ಲಿಸಲೇಬೇಕು. ವಿ.ವಿ. ಪುರದ ಕಿಮ್ಸ್, ಕೋರಮಂಗಲದ ಸೇಂಟ್ ಜಾನ್ಸ್, ಕೋಟೆಯ ಬಳಿಯ ಬೆಂಗಳೂರು ವೈದ್ಯಕೀಯ ಕಾಲೇಜು ಎಲ್ಲವೂ ಈ ವಿಶ್ವವಿದ್ಯಾಲಯದ ತೆಕ್ಕೆಯವೇ. ಅಂದಮೇಲೆ ಮೂಗು, ಕಿವಿ, ಗಂಟಲಿನ ಶಸ್ತ್ರಚಿಕಿತ್ಸೆಯ ಬಗ್ಗೆ ಕರ್ನಾಟಕದಲ್ಲಿ ಸಂಶೋಧನೆಯ ಬರವಿಲ್ಲ. ಬರವಿರುವುದು ಆ ಸಂಶೋಧನೆಗಳು ಒಂದಕ್ಕೊಂದು ಕೂಡುವುದಕ್ಕೆ. ನೂರಾರು ಯುವ ವೈದ್ಯರು ಮೂರು ವರ್ಷ ಬೆವರು ಹರಿಸಿ ನೂರಾರು ಬಿಡಿ ಉತ್ತರಗಳನ್ನು ಬರೆಯುತ್ತಾರೆ. ಅವರಲ್ಲಿ ಒಂದಷ್ಟು ಮಂದಿ ಒಂದೇ ಪ್ರಶ್ನೆಯ ಮೇಲೆ, ಒಂದೇ ವಿಧಾನದಲ್ಲಿ ಕೆಲಸ ಮಾಡಿದ್ದರೆ ಕ್ಲಿನಿಕ್ಕಿನ ಆ ಪ್ರಶ್ನೆಗೆ ಇಷ್ಟರಲ್ಲಿ ನಮ್ಮದೇ ಉತ್ತರ ಇರುತ್ತಿತ್ತು.

ಮೊದಲು, ಸದ್ಯ ಇರುವ ಉತ್ತರ ಯಾವುದು ಎಂದು ನೋಡೋಣ. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಗೆ ಮುಂಭಾಗದಲ್ಲಿ ಮೃದ್ವಸ್ಥಿ, ಹಿಂಭಾಗದಲ್ಲಿ ಮೂಳೆ. ಕೊಂಚವಾದರೂ ಬಾಗಿಲ್ಲದ ನಡುಗೋಡೆ ಅಪರೂಪ. ಬಾಗಿರುವವರಲ್ಲಿ ಬಹುಪಾಲು ಮಂದಿಗೆ ಅದರ ಪರಿವೆಯೂ ಇರುವುದಿಲ್ಲ. ಆದ್ದರಿಂದ ಸ್ಕ್ಯಾನಿನಲ್ಲಿ ಸೊಟ್ಟ ಕಂಡಿತು ಎನ್ನುವುದು ರೋಗವಲ್ಲ, ಮೂಗು ಕಟ್ಟುವುದು ರೋಗ. ಎರಡಕ್ಕೂ ನಂಟಿದೆಯೇ, ನೆಟ್ಟಗೆ ಮಾಡಿದರೆ ಉಸಿರಾಟ ಸಲೀಸಾಗುತ್ತದೆಯೇ ಎಂಬುದನ್ನು ಬಹುಕಾಲ ಯಾರೂ ಸರಿಯಾಗಿ ಪರೀಕ್ಷಿಸಿಯೇ ಇರಲಿಲ್ಲ. ಸೆಪ್ಟೋಪ್ಲಾಸ್ಟಿ ಎಂಬ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಇಎನ್‌ಟಿ ವಿಭಾಗಗಳ ದಿನನಿತ್ಯದ ಕೆಲಸವಾಗಿ ದಶಕಗಳೇ ಕಳೆದ ಮೇಲೆ, 2019ರಲ್ಲಿ, ನೆದರ್ಲೆಂಡ್ಸಿನ 203 ವಯಸ್ಕರ ಮೇಲೆ ನಡೆದ ಅಧ್ಯಯನ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂತು. ಬಳಿಕ 2023ರಲ್ಲಿ ಬ್ರಿಟನ್ನಿನ ‘ನೈರೋಸ್’ ಅಧ್ಯಯನ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ 17 ಇಎನ್‌ಟಿ ಕ್ಲಿನಿಕ್ಕುಗಳಿಂದ 378 ಮಂದಿಯನ್ನು ಆಯ್ದು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಆರು ತಿಂಗಳು ಸ್ಟಿರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ಸ್ಪ್ರೇ. ಆರು ತಿಂಗಳ ನಂತರ ಸ್ನಾಟ್-22 ಎಂಬ ಪ್ರಶ್ನಾವಳಿಯಲ್ಲಿ ಶಸ್ತ್ರಚಿಕಿತ್ಸೆಯಾದವರ ಸರಾಸರಿ ಅಂಕ 19.9, ಸ್ಪ್ರೇ ಗುಂಪಿನದು 39.5. ಇಲ್ಲಿ ಅಂಕ ಹೆಚ್ಚಾದಷ್ಟೂ ಕಾಟ ಹೆಚ್ಚು. ಅಂದರೆ ಶಸ್ತ್ರಚಿಕಿತ್ಸೆ ಗೆದ್ದಿತು, ಅದೂ ಭಾರೀ ಅಂತರದಿಂದ. ಜೊತೆಗೆ ಅದರ ಬೆಲೆಯೂ ದಾಖಲಾಯಿತು: ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ 4ರಷ್ಟು ಮಂದಿ ರಕ್ತಸ್ರಾವದಿಂದ ಮತ್ತೆ ಆಸ್ಪತ್ರೆ ಸೇರಬೇಕಾಯಿತು, ಶೇ 12ರಷ್ಟು ಮಂದಿಗೆ ಸೋಂಕಿಗಾಗಿ ಆ್ಯಂಟಿಬಯಾಟಿಕ್ ಬೇಕಾಯಿತು.

ಸ್ನಾಟ್-22 ಅಂದರೆ?
ಮೂಗು ಕಟ್ಟುವುದು, ಸೀನು, ಮುಖನೋವು, ವಾಸನೆ ತಿಳಿಯದಿರುವುದು, ನಿದ್ದೆಗೇಡು, ಕೆಲಸದಲ್ಲಿ ಗಮನ ತಪ್ಪುವುದು ಇತ್ಯಾದಿ 22 ಪ್ರಶ್ನೆಗಳು. ಒಂದೊಂದಕ್ಕೂ ಸೊನ್ನೆಯಿಂದ ಐದರವರೆಗೆ ರೋಗಿಯೇ ಅಂಕ ಹಾಕುತ್ತಾರೆ. ಗರಿಷ್ಠ 110. ಸುಮಾರು ಒಂಬತ್ತು ಅಂಕ ಇಳಿದರೆ ರೋಗಿಗೆ ‘ಪರವಾಗಿಲ್ಲ, ಆರಾಮ’ ಅನ್ನಿಸುತ್ತದೆ ಎಂಬುದು ಸಂಶೋಧಕರ ಲೆಕ್ಕ. ಯಂತ್ರ ಬೇಡ, ಕಾಗದ ಪೆನ್ನು ಸಾಕು.

ಇಲ್ಲಿಗೆ ಮಾತು ಮುಗಿಯಿತಲ್ಲ, ಬ್ರಿಟನ್ನಿನ ಮೂಗೂ ಬೆಂಗಳೂರಿನ ಮೂಗೂ ಬೇರೆಯೇ ಎಂದು ಕೇಳಬಹುದು. ರಚನೆ ಬೇರೆಯಲ್ಲ, ಅದು ಉಸಿರಾಡುವ ಗಾಳಿ ಬೇರೆ. ಬೆಂಗಳೂರಿನಲ್ಲಿ ಮೂಗು ಕಟ್ಟುವುದಕ್ಕೆ ನಡುಗೋಡೆಯೊಂದೇ ಕಾರಣವಾಗಿರುವುದು ಕಡಿಮೆ. ಅದರ ಜೊತೆಗೆ ಅಲರ್ಜಿ ಸೇರಿಕೊಂಡಿರುತ್ತದೆ. ಹಾಸಿಗೆ ದಿಂಬಿನ ಧೂಳುಹುಳ, ಗೋಡೆಯ ಬೂಷ್ಟು, ಹುಲ್ಲಿನ ಪರಾಗ, ಬನ್ನೇರುಘಟ್ಟ ರಸ್ತೆಯ ಧೂಳು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ. ಇವುಗಳ ಜೊತೆಗೆ ನಗರಕ್ಕೆ ಬಂದು ಬೇರೂರಿದ ಪಾರ್ಥೇನಿಯಂ ಇದೆಯಲ್ಲ, ಊರಿನವರು ಕಾಂಗ್ರೆಸ್ ಗಿಡ ಎನ್ನುವ ಕಳೆ, ಅದರ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರ ತಂಡ 1991ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಮೂಗಿನ ಅಲರ್ಜಿಯಿಂದ ಬಳಲುತ್ತಿದ್ದವರ ಚರ್ಮದ ಮೇಲೆ ಪಾರ್ಥೇನಿಯಂ ಪರಾಗದ ಸಾರ ಹಚ್ಚಿ ಚುಚ್ಚಿ ನೋಡಿದಾಗ ಶೇ 34ರಷ್ಟು ಮಂದಿಯಲ್ಲಿ ಗಂಧೆ ಎದ್ದಿತು. ನಗರದ ಜನರಲ್ಲಿ ಶೇ 7ರಷ್ಟು ಮಂದಿಗೆ ಈ ಪರಾಗದಿಂದಲೇ ಮೂಗಿನ ಅಲರ್ಜಿ ಎಂದು ಆ ತಂಡ ಅಂದಾಜಿಸಿತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್.ಎನ್. ಅಗಾಶೆ ಅವರು ಗಾಳಿಯಲ್ಲಿ ತೇಲುವ ಪರಾಗವನ್ನು ಹಿಡಿದು, ಯಾವ ತಿಂಗಳಲ್ಲಿ ಯಾವುದು ಎಂದು ಪಂಚಾಂಗವನ್ನೇ ಸಿದ್ಧಪಡಿಸಿದ್ದರು. ವರ್ಷದ ಆರಂಭದಲ್ಲಿ ಜಯನಗರದ ಸಾಲುಮರಗಳಲ್ಲಿ ಗುಲಾಬಿ ಟಬೂಬಿಯಾ ಅರಳಿದೊಡನೆ ಸೀನುವವರೆಲ್ಲ ಆ ಹೂವನ್ನು ಶಪಿಸುತ್ತಾರೆ. ಅದು ಕೀಟಗಳನ್ನು ನೆಚ್ಚಿದ ಹೂವು, ಅದರ ಪರಾಗ ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲ. ಕಣ್ಣಿಗೆ ಬೀಳದ ಹುಲ್ಲು, ಖಾಲಿ ಸೈಟಿನ ಕಳೆಗಳೇ ನಿಜವಾದ ಗುಮಾನಿಗೆ ಯೋಗ್ಯ.

ಇದರಿಂದ ಏನಾಗುತ್ತದೆ? ಅಲರ್ಜಿಯಿಂದ ಒಳಚರ್ಮವೇ ಊದಿಕೊಂಡಿದ್ದರೆ ಗೋಡೆ ನೆಟ್ಟಗಾದರೂ ಊತ ಉಳಿಯುತ್ತದೆ. ಹೊರಗಿನ ಗಾಳಿ ಬದಲಾಗದ ಊರಿನಲ್ಲಿ ಆರು ತಿಂಗಳಿಗೆ ಸಿಕ್ಕ ಆರಾಮ ಮೂರು ವರ್ಷಕ್ಕೂ ನಿಂತಿರುತ್ತದೆಯೇ ಎಂಬುದು ಬ್ರಿಟನ್ನಿನ ಅಂಕಿಯಿಂದ ತಿಳಿಯುವುದಿಲ್ಲ. ದುಡ್ಡಿನ ಲೆಕ್ಕವೂ ಬೇರೆ. ಅಲ್ಲಿ ಸರ್ಕಾರಿ ಆರೋಗ್ಯ ಸೇವೆಯಡಿ ಶಸ್ತ್ರಚಿಕಿತ್ಸೆಗೆ ರೋಗಿ ಜೇಬಿಗೆ ಕೈಹಾಕಬೇಕಿಲ್ಲ. ಇಲ್ಲಿ ಆಸ್ಪತ್ರೆಗೆ ದಾಖಲಾದರೆ ವಿಮೆ ಕೊಡುತ್ತದೆ, ತಿಂಗಳುಗಟ್ಟಲೆ ಬಳಸುವ ಸ್ಪ್ರೇಗೆ ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ಸ್ಪ್ರೇಯನ್ನು ಎರಡು ವಾರ ಹಾಕಿ ಬಿಟ್ಟು ‘ಔಷಧ ಹಿಡಿಯಲಿಲ್ಲ’ ಎನ್ನುವವರು ಹೆಚ್ಚುವುದಕ್ಕೆ ಈ ಲೆಕ್ಕವೂ ಕಾರಣ. ಹಾಗೆ ಅರ್ಧಕ್ಕೆ ಬಿಟ್ಟವರನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವುದು ಸರಿಯೋ ತಪ್ಪೋ ಎಂಬುದು ಅಪ್ಪಟ ಬೆಂಗಳೂರಿನ ಪ್ರಶ್ನೆ.

ಕಿವಿಯ ವಿಷಯಕ್ಕೆ ಬಂದರೆ ಎರವಲು ಉತ್ತರ ಇನ್ನೂ ಸಾಲದಾಗುತ್ತದೆ. ತಮಟೆ ತೂತಾಗಿ ವರ್ಷಗಟ್ಟಲೆ ಕಿವಿ ಸೋರುವ ಕಾಯಿಲೆ ಶ್ರೀಮಂತ ದೇಶಗಳಲ್ಲಿ ವಿರಳ. ಜಗತ್ತಿನಲ್ಲಿ ಆರೂವರೆ ಕೋಟಿಯಿಂದ 33 ಕೋಟಿ ಮಂದಿಗೆ ಕಿವಿ ಸೋರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2004ರ ವರದಿಯಲ್ಲಿ ಅಂದಾಜಿಸಿತ್ತು. ಈ ಕಾಯಿಲೆ ಅತಿ ಹೆಚ್ಚಿರುವ ಪ್ರದೇಶಗಳ ಪಟ್ಟಿಯಲ್ಲಿ ಭಾರತವನ್ನು ಇಟ್ಟಿತ್ತು. ಹೀಗಾಗಿ ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆ ನಮ್ಮ ಬೋಧನಾ ಆಸ್ಪತ್ರೆಗಳಲ್ಲಿ ದಿನದ ಊಟವಿದ್ದಂತೆ. ತೇಪೆಗೆ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯನ್ನು ತೆಗೆಯಬಹುದು, ಇಲ್ಲವೇ ಕಿವಿತೂತಿನ ಮುಂದೆ ಬೆರಳಿಗೆ ಸಿಗುವ ಪುಟ್ಟ ಮಡಿಕೆಯ ಮೃದ್ವಸ್ಥಿಯನ್ನು ತೆಳ್ಳಗೆ ಹೆರೆದು ಬಳಸಬಹುದು. ಯಾವುದು ಚೆನ್ನಾಗಿ ಅಂಟಿಕೊಳ್ಳುತ್ತದೆ? ಯಾವುದರಿಂದ ಹೆಚ್ಚು ಕೇಳಿಸುತ್ತದೆ? ಇದಕ್ಕೆ ಜಗತ್ತಿಗೇ ಉತ್ತರ ಕೊಡಬಲ್ಲಷ್ಟು ರೋಗಿಗಳು ಇರುವುದು ಇಲ್ಲಿ. ಪಿಜಿ ವಿದ್ಯಾರ್ಥಿಗಳ ಅಚ್ಚುಮೆಚ್ಚಿನ ಡಿಸರ್ಟೇಷನ್ ವಿಷಯಗಳಲ್ಲಿ ಇದೂ ಒಂದು.

ಆದರೆ ಆ ಡಿಸರ್ಟೇಷನ್ ಹೇಗೆ ಹುಟ್ಟುತ್ತದೆ ನೋಡಿ. ಕೋರ್ಸ್ ಸೇರಿದ ಆರು ತಿಂಗಳೊಳಗೆ, ಇನ್ನೂ ಎಂಡೋಸ್ಕೋಪ್ ಹಿಡಿಯುವ ಕೈ ಪಳಗುವ ಮೊದಲೇ, ವಿದ್ಯಾರ್ಥಿ ವಿಷಯ ಆರಿಸಿ ಸಿನಾಪ್ಸಿಸ್ ಸಲ್ಲಿಸಬೇಕು. ಗೈಡ್ ಒಪ್ಪಬೇಕು, ಕಾಲೇಜಿನ ನೈತಿಕ ಸಮಿತಿ ಒಪ್ಪಬೇಕು, ವಿಶ್ವವಿದ್ಯಾಲಯ ನೋಂದಾಯಿಸಿಕೊಳ್ಳಬೇಕು. ಪರೀಕ್ಷೆಗೆ ಆರು ತಿಂಗಳು ಮೊದಲೇ ಬೈಂಡ್ ಆದ ಪ್ರತಿ ಸಿದ್ಧವಿರಬೇಕು. ಒಪ್ಪಿಗೆಗೂ ಬರವಣಿಗೆಗೂ ಹೋಗುವ ಕಾಲ ಕಳೆದರೆ ಉಳಿಯುವುದು ಸುಮಾರು ಒಂದೂವರೆ ವರ್ಷ. ಆ ಅವಧಿಯಲ್ಲಿ ಒಂದೇ ಆಸ್ಪತ್ರೆಯ ಓಪಿಡಿಗೆ ಬಂದವರಲ್ಲಿ ಷರತ್ತಿಗೆ ಹೊಂದುವವರು ಸಾಮಾನ್ಯವಾಗಿ ಐವತ್ತೋ ಅರವತ್ತೋ ಸಿಕ್ಕಾರು. ಮೂರು ತಿಂಗಳು, ಹೆಚ್ಚೆಂದರೆ ಆರು ತಿಂಗಳು ಅವರನ್ನು ಮತ್ತೆ ನೋಡಬಹುದು. ಅಷ್ಟರಲ್ಲಿ ಊರಿಗೆ ಹೋದವರು ಬರುವುದಿಲ್ಲ, ಫೋನ್ ನಂಬರ್ ಬದಲಾಗಿರುತ್ತದೆ. ಪಕ್ಕದ ಕಾಲೇಜಿನಲ್ಲಿ ಇನ್ನೊಬ್ಬ ವಿದ್ಯಾರ್ಥಿ ಅದೇ ವಿಷಯವನ್ನು ಬೇರೆ ಅಳತೆಗೋಲಿನಲ್ಲಿ, ಬೇರೆ ವಯಸ್ಸಿನವರ ಮೇಲೆ, ಬೇರೆ ದಿನಾಂಕಕ್ಕೆ ಫಲಿತಾಂಶ ನೋಡಿ ಬರೆಯುತ್ತಿರುತ್ತಾನೆ. ಎರಡನ್ನೂ ಕೂಡಿಸಲು ಬರುವುದಿಲ್ಲ.

ಅರವತ್ತು ಜನ ಯಾಕೆ ಸಾಲದು ಎಂಬುದನ್ನು ಒಂದು ಊಹೆಯ ಲೆಕ್ಕದಿಂದ ನೋಡಬಹುದು. ಸ್ನಾಯುಹೊದಿಕೆಯ ತೇಪೆ ನೂರಕ್ಕೆ 85 ಸಲ ಕೂಡುತ್ತದೆ, ಮೃದ್ವಸ್ಥಿಯದು 92 ಸಲ ಎಂದಿಟ್ಟುಕೊಳ್ಳೋಣ. ರೋಗಿಯ ಮಟ್ಟಿಗೆ ಇದು ಸಣ್ಣ ವ್ಯತ್ಯಾಸವಲ್ಲ, ತೇಪೆ ಸೋಲುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಂತೆ. ಆದರೆ ಗುಂಪಿಗೆ ಮೂವತ್ತರಂತೆ ತೆಗೆದುಕೊಂಡರೆ ಎರಡು ಗುಂಪಿನ ಅಂತರ ಬರೀ ಇಬ್ಬರು ರೋಗಿಗಳದ್ದು. ಆ ಇಬ್ಬರಿಗೆ ನೆಗಡಿಯಾಗಿ ಕಿವಿ ಸೋರಿದ್ದರೂ ಫಲಿತಾಂಶ ತಲೆಕೆಳಗಾಗುತ್ತದೆ. ಇಂಥ ವ್ಯತ್ಯಾಸವನ್ನು ನೆಚ್ಚಿಕೊಳ್ಳುವಂತೆ ತೋರಿಸಿಕೊಡಲು ರೂಢಿಯ ಸಂಖ್ಯಾಶಾಸ್ತ್ರದ ಪ್ರಕಾರ ಗುಂಪಿಗೆ ಸುಮಾರು 320, ಒಟ್ಟು 640 ರೋಗಿಗಳು ಬೇಕು. ಒಬ್ಬ ವಿದ್ಯಾರ್ಥಿಗೆ ಇದು ಹತ್ತಾರು ವರ್ಷದ ಕೆಲಸ. ಹನ್ನೊಂದು ಕಾಲೇಜುಗಳ ಹನ್ನೊಂದು ವಿದ್ಯಾರ್ಥಿಗಳು ಒಂದೇ ಬ್ಯಾಚಿನಲ್ಲಿ ಕೈಜೋಡಿಸಿದರೆ ಒಂದೂವರೆ ವರ್ಷದ ಕೆಲಸ. ಈಗ ಆಗುತ್ತಿರುವುದೇನೆಂದರೆ, ಹನ್ನೊಂದು ಜನ ಬಿಡಿಬಿಡಿಯಾಗಿ ‘ಎರಡೂ ವಿಧಾನಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ’ ಎಂದು ಬರೆಯುವುದು. ವ್ಯತ್ಯಾಸ ಇಲ್ಲದ್ದಕ್ಕೆ ಕಾಣಲಿಲ್ಲವೋ, ನೋಡಲು ಸಾಕಷ್ಟು ಜನ ಇಲ್ಲದ್ದಕ್ಕೆ ಕಾಣಲಿಲ್ಲವೋ ಎಂಬುದು ಆ ವಾಕ್ಯದಿಂದ ತಿಳಿಯುವುದೇ ಇಲ್ಲ.

ಸಾವಿರ ಮಕ್ಕಳು, ಕೊನೆಗುಳಿದವರು 65
1934ರಲ್ಲಿ ವರದಿಯಾದ ನ್ಯೂಯಾರ್ಕಿನ ಸಮೀಕ್ಷೆ. 11 ವರ್ಷದ 1,000 ಶಾಲಾ ಮಕ್ಕಳಲ್ಲಿ 611 ಮಂದಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರು ನೋಡಿ 174 ಮಂದಿಗೆ ತೆಗೆಯಬೇಕೆಂದರು. ‘ಬೇಡ’ ಎನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರು, ಅವರು 99 ಮಂದಿಗೆ ತೆಗೆಯಬೇಕೆಂದರು. ಮಿಕ್ಕ 116 ಮಕ್ಕಳನ್ನು ಮೂರನೆಯ ತಂಡ ನೋಡಿ 51 ಮಂದಿಯನ್ನು ಆರಿಸಿತು. ಮೂರು ಸಲವೂ ಹೆಚ್ಚುಕಡಿಮೆ ಶೇ 45. ಟಾನ್ಸಿಲ್ ಉಳಿಸಿಕೊಳ್ಳಲು ಅರ್ಹರೆನಿಸಿದವರು 65 ಮಂದಿ.

ಹೀಗೆ ಎಲ್ಲವನ್ನೂ ಅಳೆದು ನೋಡಬೇಕೆಂಬ ಮಾತನ್ನು ಅನುಭವಿ ಶಸ್ತ್ರಚಿಕಿತ್ಸಕರು ಒಪ್ಪಲಾರರು. ಮೂವತ್ತು ವರ್ಷ ಸಾವಿರಾರು ಮೂಗು, ಕಿವಿ ಕೊಯ್ದ ಕೈಗೆ ಯಾವುದು ಕೆಲಸ ಮಾಡುತ್ತದೆಂದು ಗೊತ್ತಿರುವುದಿಲ್ಲವೇ ಎನ್ನುತ್ತಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೆಲವು ಶಸ್ತ್ರಚಿಕಿತ್ಸೆಗಳಿಗೆ ಪರೀಕ್ಷೆಯ ಅಗತ್ಯವೇ ಇಲ್ಲ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆ ಸಿಕ್ಕು ಮೂಗು ಕಳೆದುಕೊಂಡ, ಇಂಗ್ಲಿಷ್ ಸೇನೆಯ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬಾತನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕೂರಿಸಿದ ಸುದ್ದಿ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ನಲ್ಲಿ ಬಂತು. ಅದರಿಂದ ಸ್ಫೂರ್ತಿ ಪಡೆದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ಒಬ್ಬನೇ ರೋಗಿಯ ವೃತ್ತಾಂತ ಸಾಕಾಯಿತು. ಇಲ್ಲದ ಮೂಗು ಬಂದದ್ದು ಕನ್ನಡಿಯಲ್ಲೇ ಕಾಣುತ್ತದಲ್ಲ. ತೊಡಕಿರುವುದು ಮೂಗು ಕಟ್ಟುವುದು, ಗಂಟಲು ನೋವು ಬರುವುದು ಇಂಥ ಏರಿಳಿಯುವ ಕಾಯಿಲೆಗಳಲ್ಲಿ. ಜನ ವೈದ್ಯರ ಬಳಿ ಬರುವುದೇ ಕಾಟ ತುತ್ತತುದಿಯಲ್ಲಿರುವಾಗ. ಏನೂ ಮಾಡದಿದ್ದರೂ ಅದು ಒಂದಿಷ್ಟು ಇಳಿಯುತ್ತದೆ, ನಡುವೆ ಏನು ಮಾಡಿದರೋ ಅದಕ್ಕೆ ಯಶಸ್ಸು ಸಲ್ಲುತ್ತದೆ. ದಕ್ಷಿಣ ಬೆಂಗಳೂರಿನಂಥ ಜಾಗದಲ್ಲಿ ಇನ್ನೊಂದು ಮಸುಕೂ ಸೇರುತ್ತದೆ. ಇಲ್ಲಿ ನಡೆದು ಹೋಗುವ ದೂರದಲ್ಲಿ ನಾಲ್ಕಾರು ಇಎನ್‌ಟಿ ಕ್ಲಿನಿಕ್ಕುಗಳು. ಶಸ್ತ್ರಚಿಕಿತ್ಸೆಯಿಂದ ಸಮಾಧಾನವಾಗದ ರೋಗಿ ಅದೇ ವೈದ್ಯರ ಬಳಿ ಹೋಗಿ ಜಗಳವಾಡುವುದಿಲ್ಲ, ಮುಂದಿನ ಕ್ರಾಸಿನ ವೈದ್ಯರ ಬಳಿ ಹೋಗುತ್ತಾನೆ. ಸಿಹಿ ಡಬ್ಬಿ ಹಿಡಿದು ಬರುವವರು ಮಾತ್ರ ವೈದ್ಯರ ನೆನಪಿನಲ್ಲಿ ಉಳಿಯುತ್ತಾರೆ. ಅನುಭವ ಸುಳ್ಳು ಹೇಳುತ್ತದೆ ಎಂದಲ್ಲ, ಅದಕ್ಕೆ ವರದಿ ತಲುಪುವುದೇ ಅರ್ಧ.

ಟಾನ್ಸಿಲ್ ಚರಿತ್ರೆ ಇದಕ್ಕೆ ಒಳ್ಳೆಯ ಸಾಕ್ಷಿ. ಒಂದು ಕಾಲಕ್ಕೆ ಮಕ್ಕಳ ಟಾನ್ಸಿಲ್ ತೆಗೆಸುವುದು ಪಾಶ್ಚಾತ್ಯ ದೇಶಗಳಲ್ಲಿ ಲಸಿಕೆ ಹಾಕಿಸಿದಷ್ಟು ಸಾಮಾನ್ಯವಾಗಿತ್ತು. ಅನುಭವಿ ವೈದ್ಯರೇ ಒಬ್ಬರ ನಂತರ ಒಬ್ಬರು ಅದೇ ಮಕ್ಕಳಲ್ಲಿ ಹೇಗೆ ಅರ್ಧದಷ್ಟು ಮಂದಿಯನ್ನು ಆರಿಸುತ್ತ ಹೋದರೆಂಬುದನ್ನು ಮೇಲಿನ ಬಾಕ್ಸಿನಲ್ಲಿ ಓದಿದ್ದೀರಿ. ಪಿಟ್ಸ್‌ಬರ್ಗಿನ ಜ್ಯಾಕ್ ಪ್ಯಾರಡೈಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಮೊದಲ ಬಾರಿಗೆ ಗಟ್ಟಿ ಗೆರೆ ಎಳೆಯಿತು. ಒಂದು ವರ್ಷದಲ್ಲಿ ಏಳು ಸಲ, ಅಥವಾ ಸತತ ಎರಡು ವರ್ಷ ವರ್ಷಕ್ಕೆ ಐದರಂತೆ, ಅಥವಾ ಮೂರು ವರ್ಷ ವರ್ಷಕ್ಕೆ ಮೂರರಂತೆ ಗಂಟಲು ಬೇನೆ ಬಂದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ನಿಜಕ್ಕೂ ಪ್ರಯೋಜನವಿತ್ತು. ಅದೇ ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸದ ಮಕ್ಕಳಲ್ಲೂ ಅನೇಕರಿಗೆ ಕಾಟ ತಾನಾಗಿಯೇ ಇಳಿದಿತ್ತು ಎಂಬುದು ಅಷ್ಟೇ ಮುಖ್ಯ. ದೊಡ್ಡವರ ವಿಷಯಕ್ಕೆ 2023ರಲ್ಲಿ ಬ್ರಿಟನ್ನಿನ ‘ನಟೀನಾ’ ಅಧ್ಯಯನ ಬಂತು: 27 ಆಸ್ಪತ್ರೆ, 453 ಮಂದಿ. ಎರಡು ವರ್ಷದಲ್ಲಿ ಗಂಟಲು ನೋವಿನ ದಿನಗಳು ಕೂಡಲೇ ಟಾನ್ಸಿಲ್ ತೆಗೆಸಿದವರಲ್ಲಿ 23, ಕಾದು ನೋಡಿದವರಲ್ಲಿ 30. ಶಸ್ತ್ರಚಿಕಿತ್ಸೆ ಗೆದ್ದಿತು, ಆದರೆ ಶೇ 19ರಷ್ಟು ಮಂದಿಗೆ ರಕ್ತಸ್ರಾವವಾಯಿತು. ಈ ಅಂಕಿ ಕೈಯಲ್ಲಿದ್ದರೆ ರೋಗಿ ತನ್ನ ಏಳು ದಿನಕ್ಕೆ ಆ ಅಪಾಯ ತಕ್ಕುದೇ ಎಂದು ತಾನೇ ತೂಗಿ ನೋಡಬಹುದು. ಅನುಭವದ ಮಾತಿನಲ್ಲಿ ಈ ತಕ್ಕಡಿ ಸಿಗುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ನಿರ್ಧರಿಸುವುದೆಂದರೆ ಮನುಷ್ಯರನ್ನು ಪ್ರಯೋಗಪಶುಗಳನ್ನಾಗಿ ಮಾಡಿದಂತಲ್ಲವೇ? ಈ ದೇಶಕ್ಕೆ ಆ ಭಯ ಸುಮ್ಮನೆ ಬಂದದ್ದಲ್ಲ. ಔಷಧ ಪ್ರಯೋಗಗಳಲ್ಲಿ ಬಡವರ ಒಪ್ಪಿಗೆಯನ್ನು ಸರಿಯಾಗಿ ಪಡೆಯುತ್ತಿಲ್ಲವೆಂದು ಸ್ವಾಸ್ಥ್ಯ ಅಧಿಕಾರ್ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ ಬಿಸಿಯ ನಂತರ ನಿಯಮಗಳು ಬಿಗಿಯಾದವು, 2019ರಲ್ಲಿ ಹೊಸ ಕ್ಲಿನಿಕಲ್ ಟ್ರಯಲ್ ನಿಯಮಾವಳಿ ಬಂತು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಟ್ರಯಲ್ ನೋಂದಣಿಯಲ್ಲಿ ಈಗ ಮೊದಲ ರೋಗಿ ಸೇರುವ ಮುನ್ನವೇ ಅಧ್ಯಯನವನ್ನು ದಾಖಲಿಸಬೇಕು. ಆದರೂ ಎರಡು ಪ್ರಯೋಗಗಳ ನಡುವಿನ ಅಂತರ ಮರೆಯಬಾರದು. ಹೊಸ ಗುಳಿಗೆಯನ್ನು ಮೊದಲ ಸಲ ನುಂಗಿಸುವುದು ಒಂದು. ದಿನವೂ ಮಾಡುತ್ತಿರುವ ಎರಡು ತೇಪೆಗಳಲ್ಲಿ ಯಾವುದು ಮೇಲೆಂದು ಲೆಕ್ಕವಿಡುವುದು ಇನ್ನೊಂದು. ಎರಡನೆಯದರಲ್ಲಿ ಚೀಟಿ ಈಗಲೂ ಎತ್ತಲಾಗುತ್ತಿದೆ, ರೋಗಿಗೆ ಗೊತ್ತಿಲ್ಲದೆ. ಯಾವ ಆಸ್ಪತ್ರೆಯ ಬಾಗಿಲು ತಟ್ಟಿದಿರಿ, ಆ ದಿನ ಯಾವ ಯೂನಿಟ್ಟಿನ ಸರದಿ, ಅದರ ಮುಖ್ಯಸ್ಥರು ಎಲ್ಲಿ ಕಲಿತವರು ಎಂಬುದರ ಮೇಲೆ ನಿಮ್ಮ ಕಿವಿಯ ತೇಪೆ ನಿರ್ಧಾರವಾಗುತ್ತದೆ. ಫಲಿತಾಂಶವನ್ನು ಯಾರೂ ಬರೆದಿಡದ ಚೀಟಿ ಅದು.

ಈ ಆಕ್ಷೇಪದಲ್ಲಿ ಒಪ್ಪಲೇಬೇಕಾದ ಒಂದು ಭಾಗವಿದೆ. ಅಧ್ಯಯನಗಳೆಲ್ಲ ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡುಗಳಲ್ಲೇ ನಡೆದು, ಅದರ ಲಾಭ ಮಾತ್ರ ಕಾರ್ಪೊರೇಟ್ ಆಸ್ಪತ್ರೆಯ ಡೀಲಕ್ಸ್ ರೂಮಿಗೆ ಹೋದರೆ ಅದು ಅನ್ಯಾಯವೇ. ಪರಿಹಾರ ಅಧ್ಯಯನವನ್ನು ಕೈಬಿಡುವುದಲ್ಲ. ಜಯನಗರ, ಜೆ.ಪಿ. ನಗರದ ಖಾಸಗಿ ಆಸ್ಪತ್ರೆಗಳ ರೋಗಿಗಳೂ ಅದೇ ಪಟ್ಟಿಗೆ ಸೇರಬೇಕು. ವಿಮೆಯ ಬಲದಿಂದ ಅತಿ ಹೆಚ್ಚು ಸೆಪ್ಟೋಪ್ಲಾಸ್ಟಿಗೆ ಒಳಗಾಗುವ ವರ್ಗ ಅಧ್ಯಯನದಿಂದ ಹೊರಗಿದ್ದರೆ ಉತ್ತರವೂ ಅರೆಬರೆಯೇ.

ಸೆಪ್ಟೋಪ್ಲಾಸ್ಟಿ: ಒಳಗೆ ಏನು ನಡೆಯುತ್ತದೆ?
ಹೊರಗೆ ಗಾಯದ ಗುರುತಿಲ್ಲ. ಹೊಳ್ಳೆಯೊಳಗೆ ಸಣ್ಣ ಸೀಳು ಮಾಡಿ, ನಡುಗೋಡೆಯ ಒಳಚರ್ಮವನ್ನು ಮೃದ್ವಸ್ಥಿಯಿಂದ ಹಾಳೆಯಂತೆ ಬಿಡಿಸುತ್ತಾರೆ. ಬಾಗಿದ ತುಂಡನ್ನು ತೆಗೆಯುತ್ತಾರೆ ಅಥವಾ ಗೀರಿ ನೆಟ್ಟಗೆ ಮಾಡುತ್ತಾರೆ. ಮುಂದಿನ ಮತ್ತು ಮೇಲಿನ ಸುಮಾರು ಒಂದು ಸೆಂಟಿಮೀಟರ್ ಪಟ್ಟಿಯನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಮೂಗಿನ ದಂಡೆ ಕುಸಿಯಬಹುದು. ಹಿಂದೆ ರಕ್ತ ನಿಲ್ಲಿಸಲು ಮೂಗಿಗೆ ಗಾಜ್ ತುರುಕುತ್ತಿದ್ದರು. ಎರಡು ದಿನ ಬಾಯಲ್ಲೇ ಉಸಿರಾಡಿದ ಮೇಲೆ ಅದನ್ನು ಎಳೆದು ತೆಗೆಯುವಾಗಿನ ನೋವೇ ಶಸ್ತ್ರಚಿಕಿತ್ಸೆಯ ಕುಖ್ಯಾತಿಗೆ ಕಾರಣ. ಈಗ ಎರಡೂ ಬದಿಯ ಒಳಚರ್ಮವನ್ನು ಆರಪಾರ ಹೊಲಿಗೆ ಹಾಕಿ ಕೂಡಿಸುವುದರಿಂದ ಎಷ್ಟೋ ಕಡೆ ಪ್ಯಾಕ್ ಇಲ್ಲದೆ ಮುಗಿಯುತ್ತದೆ.

ಇನ್ನು ವ್ಯಾವಹಾರಿಕ ಆಕ್ಷೇಪ: ನಮ್ಮ ಪಿಜಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ, ಡಿಸರ್ಟೇಷನ್ ಇರುವುದು ಸಂಶೋಧನೆಯ ಅಭ್ಯಾಸಕ್ಕೇ ಹೊರತು ಜಗತ್ತನ್ನು ಬದಲಿಸಲಿಕ್ಕಲ್ಲ. ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಹನ್ನೊಂದು ಮಂದಿ ಹನ್ನೊಂದು ಸಿನಾಪ್ಸಿಸ್ ತಿಣುಕಿ ಬರೆಯುವುದಕ್ಕಿಂತ ಚೆನ್ನಾಗಿ ರೂಪಿಸಿದ ಒಂದನ್ನು ಹನ್ನೊಂದು ಕಡೆ ನಡೆಸುವುದು ಕಡಿಮೆ ಕೆಲಸ. ಬ್ರಿಟನ್ನಿನಲ್ಲಿ ಇಎನ್‌ಟಿ ತರಬೇತಿ ವೈದ್ಯರೇ ಕಟ್ಟಿಕೊಂಡ ‘ಇಂಟಿಗ್ರೇಟ್’ ಎಂಬ ಜಾಲವಿದೆ. 2016ರ ನವೆಂಬರಿನಲ್ಲಿ ಅವರು ಮೂಗಿನಿಂದ ರಕ್ತ ಸೋರಿ ಆಸ್ಪತ್ರೆಗೆ ಬಂದವರ ಚಿಕಿತ್ಸೆಯನ್ನು 30 ದಿನ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಒಂದೇ ನಮೂನೆಯಲ್ಲಿ ದಾಖಲಿಸಿದರು. ಯಾವ ದೊಡ್ಡ ಪ್ರಾಧ್ಯಾಪಕರೂ ಒಂಟಿಯಾಗಿ ಮಾಡಲಾಗದ್ದು ಅದು. ಸಂಶೋಧನೆಯ ಅಭ್ಯಾಸ ಆಗಬೇಕೆಂದರೂ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಒಬ್ಬಂಟಿಯಾಗಿ ಬರೆದ ಡಿಸರ್ಟೇಷನ್ ಬಹಳಷ್ಟು ಸಲ ಕಲಿಸುವುದು ಎಂ.ಎಸ್. ವರ್ಡ್‌ನಲ್ಲಿ ಮಾರ್ಜಿನ್ ಸರಿಮಾಡುವುದನ್ನು, ಬೈಂಡಿಂಗ್ ಅಂಗಡಿಯವನ ಬೆನ್ನು ಬೀಳುವುದನ್ನು.

ವಿದೇಶದ ಮಾತು ಬೇಡವೆಂದರೆ ಬಿಟಿಎಂನಿಂದ ಕೂಗಳತೆಯ ಕೋರಮಂಗಲದಲ್ಲೇ ಉದಾಹರಣೆ ಇದೆ. ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು ಹೃದಯಾಘಾತದ ಬಗ್ಗೆ ‘ಕ್ರಿಯೇಟ್’ ಎಂಬ ನೋಂದಣಿ ನಡೆಸಿದರು. ದೇಶದ 50 ನಗರಗಳ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಒಂದೆಡೆ ಸೇರಿ 2008ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬಡ ರೋಗಿಗಳಿಗೆ ಪುರಾವೆಯುಳ್ಳ ಚಿಕಿತ್ಸೆ ಕಡಿಮೆ ಸಿಗುತ್ತದೆ, ಅವರಲ್ಲಿ ಸಾವು ಹೆಚ್ಚು ಎಂಬ ಕಹಿ ಸತ್ಯ ಆ ಅಂಕಿಗಳಿಂದ ಹೊರಬಂತು. ಯಾವ ಒಂದು ಆಸ್ಪತ್ರೆಯ ರಿಜಿಸ್ಟರಿನಲ್ಲೂ ಅದು ಅಷ್ಟು ನಿಚ್ಚಳವಾಗಿ ಕಾಣುತ್ತಿರಲಿಲ್ಲ. ಇಎನ್‌ಟಿಯವರಿಗೂ ಈ ಪಾಠ ಹೊಸತಲ್ಲ. 2021ರ ಮೇ ತಿಂಗಳಲ್ಲಿ ಕಪ್ಪು ಶಿಲೀಂಧ್ರ ಎಂದು ಹೆದರಿಸಿದ ಮ್ಯೂಕರ್ ಸೋಂಕು ಬಂದಾಗ ಮೂಗು, ಸೈನಸ್‌ಗಳಿಂದ ಕೊಳೆತ ಅಂಗಾಂಶ ಕೆರೆದು ತೆಗೆಯುವ ಹೊಣೆ ಬಿದ್ದದ್ದು ಅವರ ಮೇಲೇ. ಬೆಂಗಳೂರಿನಲ್ಲಿ ಬೌರಿಂಗ್ ಆಸ್ಪತ್ರೆಯ ಮುಂದೆ ಆ್ಯಂಫೊಟೆರಿಸಿನ್ ಔಷಧಕ್ಕಾಗಿ ಜನ ಪರದಾಡಿದ್ದು ಇನ್ನೂ ನೆನಪಿದೆ. ಆಗ ದಾರಿ ತೋರಿಸಿದ್ದು ದೇಶದ 16 ಆಸ್ಪತ್ರೆಗಳು ಹಿಂದಿನ ವರ್ಷದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ 287 ರೋಗಿಗಳ ದಾಖಲೆ ಕೂಡಿಸಿ ಮಾಡಿದ ಅಧ್ಯಯನ. 187 ಮಂದಿಗೆ ಕೋವಿಡ್ ಜೊತೆಗೆ ಈ ಸೋಂಕು ಬಂದಿತ್ತು. ಹತೋಟಿ ತಪ್ಪಿದ ಮಧುಮೇಹ, ವಿವೇಚನೆಯಿಲ್ಲದ ಸ್ಟಿರಾಯ್ಡ್ ಬಳಕೆಯ ಕಡೆ ಅದು ಬೆರಳು ತೋರಿಸಿತು. ಕುತ್ತಿಗೆಗೆ ಬಂದಾಗ ಕೂಡಿ ಕೆಲಸ ಮಾಡಿದವರು ಸೋರುವ ಕಿವಿಗೂ ಕಟ್ಟುವ ಮೂಗಿಗೂ ಯಾಕೆ ಮಾಡಬಾರದು?

ಇದಕ್ಕೆ ಹೊಸ ಸಂಸ್ಥೆ, ಹೊಸ ಕಟ್ಟಡ, ಉದ್ಘಾಟನೆಯ ಟೇಪು ಕತ್ತರಿ ಯಾವುದೂ ಬೇಡ. ಪಿಜಿಗಳ ಸಿನಾಪ್ಸಿಸ್ ಎಲ್ಲವೂ ಟಿ ಬ್ಲಾಕಿನ ಮೇಜಿಗೇ ಬರುತ್ತವೆ. ಕಾಲೇಜುಗಳ ಗ್ರಂಥಾಲಯಗಳನ್ನು ಬೆಸೆಯುವ ‘ಹೆಲಿನೆಟ್’ ಜಾಲವನ್ನು ಈ ವಿಶ್ವವಿದ್ಯಾಲಯ 2003ರಲ್ಲೇ ಕಟ್ಟಿದೆ. ಓದುವುದನ್ನು ಹಂಚಿಕೊಳ್ಳಲು ಬಂದ ಮೇಲೆ ಅಳೆಯುವುದನ್ನು ಹಂಚಿಕೊಳ್ಳುವುದು ದೂರದ ಮಾತಲ್ಲ. ಪ್ರತಿ ಬ್ಯಾಚಿಗೆ ಇಎನ್‌ಟಿಯಲ್ಲಿ ಎರಡೇ ಎರಡು ಸಾಮಾನ್ಯ ಪ್ರಶ್ನೆಗಳನ್ನು ಪ್ರಾಧ್ಯಾಪಕರ ಸಮಿತಿ ಆರಿಸಲಿ. ಅಳತೆಗೋಲು, ನಮೂನೆ, ಮತ್ತೆ ನೋಡುವ ದಿನಾಂಕ ಎಲ್ಲವೂ ಒಂದೇ ಇರಲಿ. ಇಷ್ಟವಿದ್ದ ವಿದ್ಯಾರ್ಥಿಗಳು ಸೇರಲಿ. ಪ್ರತಿಯೊಬ್ಬರೂ ತಮ್ಮ ಕಾಲೇಜಿನ ರೋಗಿಗಳ ಭಾಗವನ್ನು ತಮ್ಮ ಡಿಸರ್ಟೇಷನ್ ಆಗಿ ಬರೆಯಲಿ, ಒಟ್ಟು ಲೆಕ್ಕ ಎಲ್ಲರ ಹೆಸರಿನಲ್ಲಿ ಪ್ರಕಟವಾಗಲಿ. ಮೂರು ವರ್ಷಕ್ಕೆ ವಿದ್ಯಾರ್ಥಿ ಹೊರಟುಹೋದರೂ ಮುಂದಿನ ಬ್ಯಾಚಿನವರು ಅದೇ ರೋಗಿಗಳಿಗೆ ಫೋನ್ ಮಾಡಬಹುದು. ದೀರ್ಘಕಾಲದ ಫಲಿತಾಂಶ ಎಂಬ, ಡಿಸರ್ಟೇಷನ್‌ಗಳಿಗೆ ಎಂದೂ ಎಟುಕದ ವಸ್ತು ಹಾಗೆ ಕೈಗೆ ಸಿಗುತ್ತದೆ.

ಮೊದಲ ಪ್ರಶ್ನೆ ಯಾವುದಾಗಬಹುದು? ಅಲರ್ಜಿಯೂ ಇದೆ, ನಡುಗೋಡೆಯೂ ಬಾಗಿದೆ ಎಂಬ ರೋಗಿಗಳಿಗೆ ಆಸ್ಪತ್ರೆಯೇ ಉಚಿತವಾಗಿ ಸ್ಪ್ರೇ ಕೊಟ್ಟು, ಹೊಳ್ಳೆಯ ಹೊರಗೋಡೆಯ ಕಡೆ ತುದಿ ತಿರುಗಿಸಿ ಹಾಕುವುದನ್ನು ಎದುರಿಗೇ ತೋರಿಸಿಕೊಟ್ಟು, ಪೂರ್ತಿ ಆರು ತಿಂಗಳು ಬಳಸಿದ ಮೇಲೆ ಎಷ್ಟು ಮಂದಿಗೆ ಇನ್ನೂ ಶಸ್ತ್ರಚಿಕಿತ್ಸೆ ಬೇಕೆನಿಸುತ್ತದೆ? ಬೇಕೆಂದು ಮಾಡಿಸಿಕೊಂಡವರ ಸ್ನಾಟ್-22 ಅಂಕ ಎರಡು ವರ್ಷದ ನಂತರ, ಪಾರ್ಥೇನಿಯಂ ಹೂಬಿಡುವ ಮಳೆಗಾಲದಲ್ಲೊಮ್ಮೆ, ಒಣ ಬೇಸಿಗೆಯಲ್ಲೊಮ್ಮೆ ಅಳೆದರೆ ಎಷ್ಟಿರುತ್ತದೆ? ಸ್ಪ್ರೇ ಬಾಟಲಿಗಳ ಖರ್ಚು, ಅಂಕಪಟ್ಟಿಯ ಎರಡು ಹಾಳೆ, ವರ್ಷಕ್ಕೆರಡು ಫೋನ್ ಕರೆ. ಸಾಮಗ್ರಿ ಇಷ್ಟೇ. ಮುಂದಿನ ಬ್ಯಾಚಿನ ಸಿನಾಪ್ಸಿಸ್‌ಗಳು ಟಿ ಬ್ಲಾಕಿಗೆ ಬರಲು ಪ್ರವೇಶ ಮುಗಿದ ದಿನದಿಂದ ಆರು ತಿಂಗಳ ಗಡುವಿದೆ.